ಹಳೇ ಆಟೋಮ್ಯಾಟಿಕ್ ಕಾರಿನ ಗೇರ್ ಆಯಿಲ್: ಫ್ಲಶ್ ಮಾಡಿಸಬೇಕಾ, ಮುಟ್ಟದೆ ಬಿಡಬೇಕಾ?

ಪ್ರಶ್ನೆ: ನನ್ನದು 2010ರ ಹೋಂಡಾ ಸಿಟಿ ಆಟೋಮ್ಯಾಟಿಕ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಈಗ 1,24,000 ಕಿ.ಮೀ. ಓಡಿದೆ. ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ದಾರೆ, ಬದಲಾಯಿಸಿದ್ದಾರೋ ಇಲ್ಲವೋ, ಏನೂ ದಾಖಲೆ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿ ರಿವರ್ಸ್ ಹಾಕುವಾಗ 'ಧಡ್' ಎಂದು ಒಂದು ಏಟು ಬೀಳುತ್ತದೆ. ಬಾಕಿ ಎಲ್ಲ ಚೆನ್ನಾಗಿದೆ. ಮಂಗಳೂರಿನ ಒಂದು ಗ್ಯಾರೇಜಿನಲ್ಲಿ ಮೆಷಿನ್ ಹಾಕಿ ಹಳೇ ಆಯಿಲ್ ಎಲ್ಲ ತೆಗೆದು ಫುಲ್ ಫ್ಲಶ್ ಮಾಡೋಣ, ಹೊಸದರ ಹಾಗೆ ಆಗ್ತದೆ ಎಂದರು. ಉಡುಪಿಯ ನಮ್ಮ ಹಳೇ ಮೆಕ್ಯಾನಿಕ್, ಇಷ್ಟು ವರ್ಷ ಮುಟ್ಟದ್ದನ್ನು ಈಗ ಮುಟ್ಟಿದರೆ ಗೇರ್‌ಬಾಕ್ಸೇ ಹೋಗ್ತದೆ, ಸುಮ್ನೆ ಓಡಿಸಿ ಎನ್ನುತ್ತಾರೆ. ಬರುವ ತಿಂಗಳು ಆಗುಂಬೆ ಘಾಟಿ ಹತ್ತಿ ಶಿವಮೊಗ್ಗಕ್ಕೆ ಹೋಗಲಿಕ್ಕಿದೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಪೂರ್ತಿ ಕೇಳಬೇಡಿ. ಮೆಷಿನ್ ಫ್ಲಶ್ ನಿಮ್ಮ ಗಾಡಿಗೆ ಬೇಡ. ಹಾಗಂತ ಆಯಿಲ್ ಮುಟ್ಟದೆ ಬಿಡುವುದೂ ಸರಿಯಲ್ಲ. ಡ್ರೈನ್ ಬೋಲ್ಟ್ ಬಿಚ್ಚಿ, ಬಂದಷ್ಟು ಇಳಿಸಿ, ಅಷ್ಟೇ ಹೊಸದು ಹಾಕಿ. ಕೆಲವು ವಾರ ಓಡಿಸಿ ಮತ್ತೆ ಹಾಗೇ ಮಾಡಿ. ಆದರೆ ಬೋಲ್ಟಿಗೆ ಕೈ ಹಾಕುವ ಮೊದಲು ಗೇರ್‌ಬಾಕ್ಸ್ ಈಗ ಯಾವ ಸ್ಥಿತಿಯಲ್ಲಿದೆ ಎಂದು ನೋಡಬೇಕು. ಎಲ್ಲ ನಿರ್ಧಾರವೂ ಅದರ ಮೇಲೆ ನಿಂತಿದೆ. ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಉಂಟು ಎಂಬುದು ಆಮೇಲಿನ ಮಾತು.

ಮೊದಲು ಆ 'ಧಡ್' ಬಗ್ಗೆ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮನ್ನು ಹೆದರಿಸಿದ್ದು ಅದೇ. ಅದು ಗೇರ್ ಆಯಿಲಿನ ದೋಷವೇ ಆಗಬೇಕೆಂದಿಲ್ಲ. ಇಂಜಿನ್ ತಣ್ಣಗಿರುವಾಗ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ತಿರುಗುವ ವೇಗ) ಜಾಸ್ತಿ ಇರುತ್ತದೆ, ಸಾವಿರ ಆರ್‌ಪಿಎಂ ದಾಟಿರುತ್ತದೆ. ಆಗಲೇ ರಿವರ್ಸ್‌ಗೆ ಎಳೆದರೆ ಯಾವ ಆಟೋಮ್ಯಾಟಿಕ್ ಗಾಡಿಯೂ ಏಟು ಕೊಡುತ್ತದೆ. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಬಿಡಿ. ಎಸಿ ಆಫ್ ಇರಲಿ. ಆರ್‌ಪಿಎಂ ಮುಳ್ಳು ಕೆಳಗಿಳಿದು ನಿಂತ ಮೇಲೆ ಬ್ರೇಕ್ ಗಟ್ಟಿ ತುಳಿದು ರಿವರ್ಸ್ ಹಾಕಿ. ಏಟು ಹೋಯಿತಾ? ಹಾಗಾದರೆ ಗೇರ್‌ಬಾಕ್ಸನ್ನು ಬೈಯಬೇಡಿ. ಬಿಸಿಯಾದ ಮೇಲೂ ಐಡ್ಲಿಂಗ್ ಮೇಲೇ ಇದ್ದರೆ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕೊಳೆಯಾಗಿರಬಹುದು, ಕ್ಲೀನ್ ಮಾಡಿಸಿ.

ಆಗಲೂ ಏಟು ಇದ್ದರೆ ಇಂಜಿನ್ನನ್ನು ಹಿಡಿದಿಡುವ ಇಂಜಿನ್ ಮೌಂಟ್ ನೋಡಿಸಿ. ಹದಿನೈದು ವರ್ಷದ ರಬ್ಬರು ಅದು. ಬಾನೆಟ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಒಳಗೆ ಕೂತು ಬ್ರೇಕ್ ಗಟ್ಟಿ ಹಿಡಿದು ಡಿ ಮತ್ತು ಆರ್ ನಡುವೆ ನಿಧಾನವಾಗಿ ಬದಲಾಯಿಸಲಿ. ಇನ್ನೊಬ್ಬರು ಬದಿಯಲ್ಲಿ ನಿಂತು ನೋಡಲಿ. ಬದಿಯಲ್ಲಿ, ಗಾಡಿಯ ಎದುರಿಗೆ ಅಲ್ಲ. ಇಂಜಿನ್ ಸ್ವಲ್ಪ ಅಲುಗುವುದು ಸಹಜ. ಎದ್ದು ಕೂತ ಹಾಗೆ ಹಾರಿದರೆ ಮೌಂಟ್ ಹೋಗಿದೆ ಎಂದೇ ಅರ್ಥ. ಎಷ್ಟೋ ಮಂದಿ ಮೌಂಟ್ ಹೋದ ಗಾಡಿಗೆ ಗೇರ್ ಆಯಿಲ್ ಫ್ಲಶ್ ಮಾಡಿಸಿ, ಏಟು ಹಾಗೇ ಉಳಿದಾಗ ಗೇರ್‌ಬಾಕ್ಸ್ ಹಾಳಾಯಿತು ಎಂದು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಈಗ ಗೇರ್‌ಬಾಕ್ಸಿನ ಪರೀಕ್ಷೆ. ಇದಕ್ಕೆ ಮೆಷಿನ್ ಬೇಡ, ಒಂದು ಒಳ್ಳೆಯ ಏರು ಮತ್ತು ಒಂದು ಉದ್ದದ ಸಪಾಟು ರಸ್ತೆ ಸಾಕು. ಉಡುಪಿಯವರಿಗೆ ಎರಡೂ ಕೈಗೆಟಕುವ ಹಾಗೇ ಉಂಟು. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತಿ. ಒಂದೇ ಹದದಲ್ಲಿ ಆಕ್ಸಿಲರೇಟರ್ ಕೊಡುತ್ತಾ ಹೋಗಿ, ಕಣ್ಣು ಆರ್‌ಪಿಎಂ ಮುಳ್ಳಿನ ಮೇಲೂ ಸ್ವಲ್ಪ ಇರಲಿ. ಗೇರ್ ಬದಲಾಗುವಾಗ ಮುಳ್ಳು ಕೆಳಗೆ ಬೀಳಬೇಕು. ಅದರ ಬದಲು ಮುಳ್ಳು ಒಮ್ಮೆ ಮೇಲೆ ಜಿಗಿದು, ಇಂಜಿನ್ ಕೂಗಿ, ಗಾಡಿ ಮಾತ್ರ ಮುಂದೆ ಹೋಗದೆ, ಆಮೇಲೆ ಗೇರ್ ಹಿಡಿದರೆ ಅದು ಸ್ಲಿಪ್. ಒಳಗೆ ಗೇರ್ ಹಿಡಿಸುವ ಕ್ಲಚ್ ಪ್ಲೇಟ್ ಸವೆದಿದೆ ಅಥವಾ ಅದನ್ನು ಒತ್ತುವ ಆಯಿಲ್ ಪ್ರೆಶರ್ ಕಡಿಮೆಯಾಗಿದೆ.

ಸಪಾಟು ರಸ್ತೆಗೆ ಸಂತೆಕಟ್ಟೆಯಿಂದ ಬ್ರಹ್ಮಾವರದ ಕಡೆ ಹೈವೇಗೆ ಹೋಗಿ. ಐವತ್ತು ಅರವತ್ತರ ವೇಗದಲ್ಲಿ, ಆಕ್ಸಿಲರೇಟರ್ ಹಗುರವಾಗಿ ಮುಟ್ಟಿಕೊಂಡು ಓಡಿಸಿ. ಸಣ್ಣ ಸಣ್ಣ ರಂಬಲ್ ಪಟ್ಟಿಗಳ ಮೇಲೆ ಹೋದ ಹಾಗೆ ಸೀಟಿನಲ್ಲಿ ಒಂದೆರಡು ಕ್ಷಣ ನಡುಕ ಬಂದು ಹೋಗುತ್ತದಾ ನೋಡಿ. ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಒಳಗೆ, ಎರಡನ್ನೂ ನೇರವಾಗಿ ಬೆಸೆಯುವ ಲಾಕ್‌ಅಪ್ ಕ್ಲಚ್ ಅಂತ ಒಂದಿದೆ. ಅದು ನಯವಾಗಿ ಹಿಡಿಯಲು ಆಯಿಲಿನಲ್ಲಿ ಬೆರೆಸಿರುವ ಕೆಲವು ರಾಸಾಯನಿಕಗಳು ಬೇಕು. ಅವು ಮುಗಿದಾಗ ಈ ನಡುಕ ಶುರುವಾಗುತ್ತದೆ. ಇದು ಒಳ್ಳೆಯ ಸುದ್ದಿ ಎಂದೇ ಹೇಳುತ್ತೇನೆ, ಯಾಕೆಂದರೆ ಆಯಿಲ್ ಬದಲಾಯಿಸಿದರೆ ಗುಣವಾಗುವ ಕಾಯಿಲೆಗಳಲ್ಲಿ ಮುಖ್ಯವಾದದ್ದು ಇದೇ. ಸ್ಲಿಪ್ ಹಾಗಲ್ಲ. ಸವೆದ ಪ್ಲೇಟಿಗೆ ಹೊಸ ಆಯಿಲ್ ಹಾಕಿದರೆ ಪ್ಲೇಟ್ ಬೆಳೆಯುವುದಿಲ್ಲ.

ಇನ್ನೊಂದು ವಿಷಯ, ಡ್ಯಾಶ್‌ಬೋರ್ಡಿನಲ್ಲಿ ಹಸಿರು 'ಡಿ' ದೀಪ ಮಿನುಗುತ್ತಿದೆಯಾ ಗಮನಿಸಿ. ಹೋಂಡಾದಲ್ಲಿ ಅದು ಮಿನುಗಿದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ಒಂದು ದೋಷವನ್ನು ಬರೆದಿಟ್ಟಿದೆ ಎಂದು ಅರ್ಥ. ಆಗ ಆಯಿಲಿನ ಮಾತು ಆಮೇಲೆ, ಮೊದಲು ಸ್ಕ್ಯಾನರ್ ಹಾಕಿಸಿ.

ಡಿಪ್‌ಸ್ಟಿಕ್ (ಆಯಿಲಿನ ಮಟ್ಟ ಅಳೆಯುವ ಕಡ್ಡಿ) ನೋಡುವ ಕ್ರಮದಲ್ಲೇ ತುಂಬಾ ಜನ ತಪ್ಪುತ್ತಾರೆ. ಟೊಯೊಟಾ, ಹ್ಯುಂಡೈಗಳ ಹಳೇ ಆಟೋಮ್ಯಾಟಿಕ್‌ಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ಮಟ್ಟ ನೋಡಬೇಕು. ನಿಮ್ಮ ಹೋಂಡಾದಲ್ಲಿ ಹಾಗಲ್ಲ. ಗಾಡಿ ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಒಂದರಿಂದ ಒಂದೂವರೆ ನಿಮಿಷದ ಒಳಗೆ ನೋಡಬೇಕು. ಒಂದು ಗಾಡಿಯ ಕ್ರಮ ಇನ್ನೊಂದಕ್ಕೆ ಹಾಕಿದರೆ ಮಟ್ಟ ತಪ್ಪಾಗಿ ಕಾಣುತ್ತದೆ. ಕಡಿಮೆ ಉಂಟು ಎಂದು ಮೇಲಿಂದ ಸುರಿದು, ಆಯಿಲ್ ಜಾಸ್ತಿಯಾಗಿ, ಒಳಗೆ ತಿರುಗುವ ಗೇರುಗಳು ಅದನ್ನು ಕಡೆದು ನೊರೆ ಮಾಡಿ, ನೊರೆಯಿಂದ ಪ್ರೆಶರ್ ಬಾರದೆ ಹೊಸ ತೊಂದರೆ ಶುರುವಾಗುತ್ತದೆ.

ಡಿಪ್‌ಸ್ಟಿಕ್ಕಿನ ತುದಿಯಿಂದ ಒಂದು ಹನಿಯನ್ನು ಬಿಳೀ ಟಿಶ್ಯೂ ಪೇಪರಿನ ಮೇಲೆ ಬಿಡಿ. ಹತ್ತು ನಿಮಿಷ ಹಾಗೇ ಇರಲಿ. ಹೊಸ ಆಯಿಲ್ ಕೆಂಪಾಗಿ ಸಮನಾಗಿ ಹರಡುತ್ತದೆ. ಹಳೆಯದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದಕ್ಕೇ ಗಾಬರಿಯಾಗಬೇಡಿ, ಬಿಸಿ ತಿಂದ ಆಯಿಲ್ ಕಪ್ಪಾಗುವುದು ಸಹಜ. ನೋಡಬೇಕಾದದ್ದು ಹನಿಯ ನಡುವಿನ ಭಾಗ. ನಡುವೆ ಕಪ್ಪು ಚುಕ್ಕೆ ಗಟ್ಟಿಯಾಗಿ ನಿಂತು, ಸುತ್ತ ಎಣ್ಣೆ ಮಾತ್ರ ಹರಡಿದ್ದರೆ ಅದರಲ್ಲಿ ಕ್ಲಚ್ಚಿನ ಪುಡಿ ಜಾಸ್ತಿ ಉಂಟು. ಆಮೇಲೆ ಮೂಸಿ ನೋಡಿ. ಸೀದ ವಾಸನೆ ಬಂದರೆ ಕ್ಲಚ್ ಒಮ್ಮೆಯಾದರೂ ಸುಟ್ಟಿದೆ. ಬಣ್ಣ ಮೋಸ ಮಾಡಬಹುದು, ವಾಸನೆ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಹನಿ ಗುಲಾಬಿ ಬಣ್ಣದ ಹಾಲಿನ ಹಾಗಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ. ಗೇರ್ ಆಯಿಲಿಗೆ ನೀರು ಸೇರಿದೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ಎರಡು ದಾರಿ. ಒಂದು, ಮಳೆಗಾಲದ ನೆರೆ. ಗೇರ್‌ಬಾಕ್ಸಿಗೆ ಉಸಿರಾಡಲು ಒಂದು ಸಣ್ಣ ಬ್ರೀದರ್ ಇರುತ್ತದೆ. ಗಾಡಿ ನೀರಲ್ಲಿ ನಿಂತರೆ ಅಲ್ಲಿಂದ ನೀರು ಒಳಗೆ ಹೋಗಬಹುದು. ಕೊಟ್ಟಾರ ಚೌಕಿ, ಪಡೀಲಿನ ಅಂಡರ್‌ಪಾಸು, ಪಂಪ್‌ವೆಲ್, ನಿಮ್ಮ ಕಲ್ಸಂಕ, ಈ ಹೆಸರುಗಳನ್ನು ಮಳೆಗಾಲದಲ್ಲಿ ಯಾಕೆ ಕೇಳುತ್ತೇವೆ ಎಂದು ನಾನು ಹೇಳಬೇಕಿಲ್ಲ. 2020ರ ಸೆಪ್ಟೆಂಬರಿನಲ್ಲಿ ಉಡುಪಿ ಪೇಟೆಗೆ ನೀರು ನುಗ್ಗಿದಾಗ ಮುಳುಗಿದ ಗಾಡಿಗಳು ಕಡಿಮೆಯೇನಲ್ಲ. ನಿಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ. ಕಾರ್ಪೆಟ್ ಎತ್ತಿ ಅಡಿಯಲ್ಲಿ ಒಣಗಿದ ಕೆಸರು ಉಂಟಾ, ಸೀಟಿನ ಹಳಿಗಳಿಗೆ ತುಕ್ಕು ಹಿಡಿದಿದೆಯಾ ಎಂದು ಒಮ್ಮೆ ನೋಡಿಬಿಡಿ.

ಎರಡನೆಯದು ಬಾವಿ ನೀರು. ಅನೇಕ ಗಾಡಿಗಳಲ್ಲಿ ಗೇರ್ ಆಯಿಲ್ ತಣ್ಣಗಾಗುವುದು ರೇಡಿಯೇಟರಿನ ಒಳಗೇ ಇರುವ ಪುಟ್ಟ ಕೂಲರಿನಲ್ಲಿ, ಅಥವಾ ಕೂಲಂಟ್ ಹರಿದು ಹೋಗುವ ಇನ್ನೊಂದು ಡಬ್ಬಿಯಲ್ಲಿ. ಎಣ್ಣೆಗೂ ಕೂಲಂಟಿಗೂ ನಡುವೆ ಇರುವುದು ತೆಳು ಲೋಹದ ಗೋಡೆ. ಮನೆ ಹಿತ್ತಲಲ್ಲೇ ಬಾವಿ ಇದೆ ಅಂತ ಕೂಲಂಟ್ ಬದಲು ಅದೇ ನೀರು ತುಂಬುತ್ತಾ ಹೋದರೆ, ಅದೂ ಸಮುದ್ರದ ಬದಿಯ ಉಪ್ಪು ಮಿಶ್ರಿತ ನೀರಾದರೆ, ಆ ಗೋಡೆ ಒಳಗಿಂದಲೇ ತುಕ್ಕು ತಿಂದು ತೂತಾಗುತ್ತದೆ. ಕ್ಲಚ್ ಪ್ಲೇಟಿನ ಮೇಲಿನ ಪದರ ಕಾಗದದಂಥ ವಸ್ತು, ಅಂಟಿನಿಂದ ಹಿಡಿಸಿದ್ದು. ನೀರು ಮತ್ತು ಕೂಲಂಟಿನ ಗ್ಲೈಕಾಲ್ ತಾಗಿದರೆ ಆ ಅಂಟು ಬಿಡುತ್ತದೆ. ಇಂಥ ಗಾಡಿಗೆ ಮಾತ್ರ ನಾನೇ ಹೇಳುತ್ತೇನೆ: ತಡ ಮಾಡದೆ ಪೂರ್ತಿ ಫ್ಲಶ್ ಮಾಡಿಸಿ, ಮೊದಲು ಕೂಲರ್ ಅಥವಾ ರೇಡಿಯೇಟರ್ ಬದಲಾಯಿಸಿ. ತುಂಬಾ ದಿನ ಹಾಗೇ ಓಡಿಸಿದ್ದರೆ ಅದಕ್ಕೂ ಬಗ್ಗುವುದಿಲ್ಲ, ಗೇರ್‌ಬಾಕ್ಸ್ ಬಿಚ್ಚಲೇಬೇಕು.

ಇನ್ನು ನಿಮ್ಮ ಹಳೇ ಮೆಕ್ಯಾನಿಕ್ ಹೇಳಿದ ಮಾತಿಗೆ ಬರುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ. ಆಯಿಲ್ ಬದಲಾಯಿಸಿದ ವಾರದಲ್ಲೇ ನಿಂತ ಗಾಡಿಗಳನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಆದರೆ ಆ ಗಾಡಿಗಳು ಗ್ಯಾರೇಜಿಗೆ ಬಂದದ್ದು ಯಾಕೆ? ಜರ್ಕ್ ಬರ್ತದೆ, ಸ್ಲಿಪ್ ಆಗ್ತದೆ, ಏರು ಹತ್ತುವುದಿಲ್ಲ ಎಂದೇ ಅಲ್ವಾ? ಲಕ್ಷ ಕಿಲೋಮೀಟರ್ ಆಯಿಲಿನ ನೆನಪೇ ಇಲ್ಲದವರು ಗಾಡಿ ಮುಲುಕಲು ಶುರು ಮಾಡಿದ ಮೇಲೆ ಓಡಿ ಬರುತ್ತಾರೆ. ಆಯಿಲ್ ಬದಲಾಯಿಸಿದರೂ ಅದು ಸಾಯುತ್ತದೆ, ಬದಲಾಯಿಸದಿದ್ದರೂ ಸಾಯುತ್ತದೆ. ಕೆಟ್ಟ ಹೆಸರು ಮಾತ್ರ ಹೊಸ ಆಯಿಲಿಗೆ.

ಹಳೇ ಆಯಿಲಿನಲ್ಲಿರುವ ಕ್ಲಚ್ ಪುಡಿಯೇ ಸವೆದ ಪ್ಲೇಟಿಗೆ ಹಿಡಿತ ಕೊಡುತ್ತಿತ್ತು, ಹೊಸ ಆಯಿಲ್ ಅದನ್ನು ತೆಗೆದುಬಿಟ್ಟಿತು ಎಂಬ ವಾದವೂ ಚಾಲ್ತಿಯಲ್ಲಿದೆ. ಕೊನೆಯ ಉಸಿರಲ್ಲಿರುವ ಗೇರ್‌ಬಾಕ್ಸಿನಲ್ಲಿ ಹಾಗೇನಾದರೂ ವ್ಯತ್ಯಾಸ ಆಗಬಹುದು. ಚೆನ್ನಾಗಿ ಓಡುವ ಗೇರ್‌ಬಾಕ್ಸಿಗೆ ಆ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಆ ಪುಡಿ ಆಯಿಲಿನ ಹರಿವನ್ನು ನಿಯಂತ್ರಿಸುವ ಸೊಲೆನಾಯ್ಡುಗಳ, ವಾಲ್ವುಗಳ ಸಂದಿಯಲ್ಲಿ ಕೂತು ಕೆಡಿಸುವ ಕೆಲಸವನ್ನೇ ಮಾಡುತ್ತದೆ.

ಅವರ ಮಾತಿನಲ್ಲಿ ನಿಜವಾದ ಅಪಾಯವೊಂದು ಅಡಗಿದೆ. ಅದು ಹೊಸ ಆಯಿಲಿನದ್ದಲ್ಲ, ಫ್ಲಶ್ಶಿನದ್ದು. ಗ್ಯಾರೇಜಿನವರು ಫ್ಲಶ್ ಎಂದರೆ ಏನು ಮಾಡುತ್ತಾರೆ ಎಂದು ಬಾಯಿ ಬಿಟ್ಟು ಕೇಳಿ. ಕೆಲವರು ಕೂಲರ್ ಪೈಪು ಬಿಚ್ಚಿ ಮೆಷಿನ್‌ಗೆ ಜೋಡಿಸಿ, ಗೇರ್‌ಬಾಕ್ಸಿನದ್ದೇ ಪಂಪಿನಿಂದ ಹಳೆಯದು ಹೊರಗೆ ಬಂದಷ್ಟೂ ಹೊಸದು ಒಳಗೆ ಹೋಗುವ ಹಾಗೆ ಮಾಡುತ್ತಾರೆ. ಇದು ಸ್ವಲ್ಪ ಸೌಮ್ಯ. ಕೆಲವರು ಮೆಷಿನ್ನಿನ ಪ್ರೆಶರಿನಲ್ಲೇ ತಳ್ಳುತ್ತಾರೆ. ಇನ್ನು ಕೆಲವರು ಮೊದಲು ತೊಳೆಯುವ ಕೆಮಿಕಲ್ ಒಂದು ಬಾಟಲಿ ಹಾಕಿ, ಇಂಜಿನ್ ಓಡಿಸಿ, ಆಮೇಲೆ ತಳ್ಳುತ್ತಾರೆ. ಈ ಕೊನೆಯದು ನಿಮ್ಮಂಥ ಗಾಡಿಗೆ ಖಂಡಿತ ಬೇಡ. ಹತ್ತಾರು ವರ್ಷ ಕೈ ಹಾಕದ ಬಾವಿಗಿಳಿದು ತಳ ಕೆದಕಿದರೆ ತಿಳಿ ನೀರೂ ರಾಡಿಯಾಗುತ್ತದಲ್ಲ, ಹಾಗೆ ಒಳಗೆ ಮೂಲೆಯಲ್ಲಿ ಅಂಟಿ ಸುಮ್ಮನಿದ್ದ ಕೆಸರೆಲ್ಲ ಒಮ್ಮೆಲೇ ಎದ್ದು ಹೊರಡುತ್ತದೆ. ಹೋಗಿ ಸೇರುವುದು ಆ ವಾಲ್ವುಗಳಿರುವ ವಾಲ್ವ್ ಬಾಡಿಯ ಸಪೂರ ದಾರಿಗಳಿಗೆ ಮತ್ತು ಫಿಲ್ಟರಿಗೆ.

ಅಲ್ಲೇ ಇರುವುದು ನಿಮ್ಮ ಗಾಡಿಯ ಸಮಸ್ಯೆ. ಹಳೇ ಕೊರೊಲಾ ಆಲ್ಟಿಸ್‌ನ ನಾಲ್ಕು ಗೇರಿನ ಆಟೋಮ್ಯಾಟಿಕ್‌ನಲ್ಲಿ ಅಡಿಯ ಪ್ಯಾನ್ ಬಿಚ್ಚಿದರೆ ಸ್ಟ್ರೇನರ್ (ಆಯಿಲ್ ಸೋಸುವ ಫಿಲ್ಟರ್) ಕೈಗೆ ಸಿಗುತ್ತದೆ. ತೊಳೆಯಬಹುದು, ಹೊಸದು ಹಾಕಬಹುದು. ನಿಮ್ಮ ಸಿಟಿಯ ಐದು ಗೇರಿನ ಪೆಟ್ಟಿಗೆಯಲ್ಲಿ ಫಿಲ್ಟರ್ ಇರುವುದು ಒಳಗಡೆ. ಗೇರ್‌ಬಾಕ್ಸ್ ಇಳಿಸಿ ಎರಡು ಭಾಗ ಮಾಡದೆ ಅದು ಸಿಗುವುದಿಲ್ಲ. ಅಂದರೆ ಫ್ಲಶ್ಶಿನಿಂದ ಎದ್ದ ಕೆಸರು ಅದಕ್ಕೆ ಕಟ್ಟಿಕೊಂಡರೆ ನಿಮ್ಮ ಕೈಯಲ್ಲಿ ಉಪಾಯವೇ ಇಲ್ಲ. ಹೋಂಡಾ ಈ ಪೆಟ್ಟಿಗೆಗಳಿಗೆ ಹೇಳುವ ಕ್ರಮವೂ ಬೋಲ್ಟ್ ಬಿಚ್ಚಿ ಇಳಿಸಿ ತುಂಬುವುದೇ.

ಲೆಕ್ಕ ನೋಡಿ. ಡ್ರೈನ್ ಬೋಲ್ಟ್ ಬಿಚ್ಚಿದರೆ ಹೊರಗೆ ಬರುವುದು ಸುಮಾರು ಎರಡೂವರೆ ಲೀಟರ್. ಒಳಗೆ ಒಟ್ಟು ಇರುವುದು ಆರು ಲೀಟರಿಗೆ ಸ್ವಲ್ಪ ಕಡಿಮೆ. ಬಾಕಿಯದ್ದು ಟಾರ್ಕ್ ಕನ್ವರ್ಟರಿನಲ್ಲಿ, ಕೂಲರಿನಲ್ಲಿ, ಕ್ಲಚ್ಚುಗಳ ಒಳಗೆ ನಿಲ್ಲುತ್ತದೆ. ಹಾಗಾಗಿ ಒಂದು ಸಲ ಮಾಡಿದರೆ ಶೇ. 40ಕ್ಕಿಂತ ಸ್ವಲ್ಪ ಜಾಸ್ತಿ ಹೊಸದು. ಎರಡನೇ ಸಲಕ್ಕೆ ಮೂರರಲ್ಲಿ ಎರಡು ಪಾಲು. ಮೂರನೇ ಸಲಕ್ಕೆ ಶೇ. 80ರ ಆಸುಪಾಸು. ಏಳೂವರೆ ಲೀಟರ್ ಖರ್ಚು ಮಾಡಿ ನೂರಕ್ಕೆ ಎಂಬತ್ತಾ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಪ್ರತಿ ಸಲ ಏನು ಹೊರಬಂತು ಎಂದು ನೋಡಿ ಮುಂದಿನ ಹೆಜ್ಜೆ ಇಡಬಹುದು ಎಂಬುದೇ ಈ ದಾರಿಯ ಲಾಭ. ಮೆಷಿನ್ ಒಮ್ಮೆ ಶುರುವಾದರೆ ಮುಗಿದೇ ಹೋಗುತ್ತದೆ.

ಏನು ನೋಡಬೇಕು ಎಂದರೆ, ಬೋಲ್ಟಿನ ತುದಿಯಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಬಿಚ್ಚುವಾಗ ನೀವೇ ಹತ್ತಿರ ನಿಲ್ಲಿ, ಒರೆಸುವ ಮೊದಲು ತೋರಿಸಲು ಹೇಳಿ. ಬೂದು ಬಣ್ಣದ, ಬೆಣ್ಣೆಯಷ್ಟು ನಯವಾದ ಲೇಪ ಕೂತಿದ್ದರೆ ಏನೂ ತೊಂದರೆಯಿಲ್ಲ. ಇಷ್ಟು ವರ್ಷದ ಸವೆತ ಅದು, ಇರಲೇಬೇಕು. ಎರಡು ಬೆರಳ ನಡುವೆ ಉಜ್ಜಿ ನೋಡಿ, ಚುಚ್ಚಬಾರದು. ಸೂಜಿಯಂಥ ಚೂರು, ಹೊಳೆಯುವ ಚಕ್ಕೆ ಸಿಕ್ಕರೆ ಬೇರಿಂಗೋ ಗೇರೋ ತಿನ್ನುತ್ತಿದೆ. ಆಗ ಹೊಸ ಆಯಿಲ್ ತುಂಬಿ ಅಲ್ಲಿಗೆ ನಿಲ್ಲಿಸಿ. ಎರಡನೇ, ಮೂರನೇ ಸಲಕ್ಕೆ ದುಡ್ಡು ಹಾಕುವ ಬದಲು ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೇ ಬಿಚ್ಚಿ ಕಟ್ಟುವವರ ಹತ್ತಿರ ಹೋಗಿ ಮಾತಾಡಿ.

ಚೂರು ಇಲ್ಲದಿದ್ದರೆ ಮುಂದುವರಿಸಿ. ಇಳಿಸಿದ ಆಯಿಲನ್ನು ಅಳತೆ ಮಾಡಿ. ಅಷ್ಟೇ ಹೊಸದು ಹಾಕಿ, ಮೇಲೆ ಹೇಳಿದ ಕ್ರಮದಲ್ಲಿ ಮಟ್ಟ ನೋಡಿ. ಎರಡು ಲೀಟರ್ ಕೂಡ ಬಾರದಿದ್ದರೆ ಎಲ್ಲೋ ಸೋರಿದೆ. ಆಕ್ಸಲ್ ಸೀಲಿನ ಹತ್ತಿರ, ಕೂಲರ್ ಹೋಸಿನ ಕ್ಲಿಪ್ಪಿನ ಹತ್ತಿರ ಒದ್ದೆ ಇದೆಯಾ ಹುಡುಕಿ. ನಮ್ಮ ಉಪ್ಪು ಗಾಳಿಗೆ ಈ ಕ್ಲಿಪ್ಪು, ಪೈಪುಗಳು ಬೇಗ ತುಕ್ಕು ಹಿಡಿಯುತ್ತವೆ. ಮಲ್ಪೆ, ಪಣಂಬೂರಿನ ಕಡೆ ಗಾಡಿ ಇಡುವವರಿಗೆ ಇದು ಗೊತ್ತಿರುವ ಸಂಗತಿ.

ಬೋಲ್ಟಿಗೆ ಹೊಸ ವಾಷರ್ ಹಾಕಲಿ. ಗೇರ್‌ಬಾಕ್ಸಿನ ಹೊರಮೈ ಅಲ್ಯುಮಿನಿಯಂ. ಬೋಲ್ಟಿನ ಬಿಗಿ 49 ನ್ಯೂಟನ್ ಮೀಟರ್ ಸಾಕು, ಕಾಲು ಕೊಟ್ಟು ಬಿಗಿದರೆ ತೂತಿನ ಮರೆ (ಥ್ರೆಡ್) ಹೋಗುತ್ತದೆ. ಇನ್ನೊಂದು ಎಚ್ಚರಿಕೆ. ಇಂಜಿನ್ ಆಯಿಲ್ ಬದಲಾಯಿಸಲು ಬಂದ ಗಾಡಿಯಲ್ಲಿ ಅವಸರಕ್ಕೆ ಗೇರ್‌ಬಾಕ್ಸಿನ ಬೋಲ್ಟ್ ಬಿಚ್ಚಿ, ಗೇರ್ ಆಯಿಲ್ ಖಾಲಿ ಮಾಡಿ, ಇಂಜಿನ್ನಿಗೆ ಡಬಲ್ ಆಯಿಲ್ ತುಂಬುವ ಎಡವಟ್ಟು ಆಟೋಮ್ಯಾಟಿಕ್ ಗಾಡಿಗಳಲ್ಲಿ ಆಗುತ್ತಲೇ ಇರುತ್ತದೆ. ಹೋಂಡಾದ ಗೇರ್‌ಬಾಕ್ಸ್ ಬೋಲ್ಟಿನ ತಲೆಯಲ್ಲಿ ರ್‍ಯಾಚೆಟ್ ಕೂರುವ ಚೌಕದ ತೂತು ಇರುತ್ತದೆ. ಅದೇ ಗುರುತು.

ಯಾವ ಆಯಿಲ್? ಇಲ್ಲಿ ಹಟ ಹಿಡಿಯಿರಿ. ನಿಮ್ಮ ಗಾಡಿಗೆ ಹೋಂಡಾದ ಡಿಡಬ್ಲ್ಯೂ-1. ಮೊದಲು ಬರುತ್ತಿದ್ದ ಜಡ್-1ರ ಜಾಗಕ್ಕೆ ಬಂದದ್ದು ಅದು. ಸೀಲ್ ಒಡೆಯದ ಡಬ್ಬಿ ನಿಮ್ಮೆದುರೇ ತೆರೆಯಲಿ. ಪವರ್ ಸ್ಟೀರಿಂಗಿಗೆ ಹಾಕುವ ಡ್ರಮ್ಮಿನಿಂದ ತೆಗೆದ 'ಎಲ್ಲ ಗಾಡಿಗೂ ಆಗ್ತದೆ' ಆಯಿಲ್ ಬೇಡ. ಹ್ಯುಂಡೈನ ಹಳೇ ನಾಲ್ಕು ಗೇರಿನವಕ್ಕೆ ಎಸ್‌ಪಿ-3, ಆಮೇಲಿನ ಆರು ಗೇರಿನವಕ್ಕೆ ಎಸ್‌ಪಿ-4 ಎಂದು ಕಂಪನಿಗಳು ಬೇರೆ ಬೇರೆ ಮಾಡಿರುವುದು ಮಾರಾಟದ ಆಟ ಮಾತ್ರ ಅಲ್ಲ. ಕ್ಲಚ್ ಎಷ್ಟು ಬೇಗ, ಎಷ್ಟು ನಯವಾಗಿ ಹಿಡಿಯಬೇಕು ಎಂಬ ಲೆಕ್ಕ ಆಯಿಲಿನ ಮೇಲೇ ನಿಂತಿದೆ. ಒಂದು ಕಾಲದಲ್ಲಿ ಈ ನಯಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನೇ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಂದ ಮೇಲೆ ಬದಲಿ ಹುಡುಕಲು ಕಂಪನಿಗಳು ಒದ್ದಾಡಿದವು. ದೋಣಿಗೆ ಮೀನೆಣ್ಣೆ ಬಳಿಯುವ ಊರಿನವರಿಗೆ ಇದು ಅಷ್ಟೇನೂ ವಿಚಿತ್ರ ಅನಿಸಲಿಕ್ಕಿಲ್ಲ.

ಓದುವ ಬೇರೆಯವರಿಗಾಗಿ ಒಂದು ಮಾತು: ಇದೆಲ್ಲ ಟಾರ್ಕ್ ಕನ್ವರ್ಟರ್ ಇರುವ ಹಳೇ ಆಟೋಮ್ಯಾಟಿಕ್‌ಗೆ. 2014ರ ನಂತರದ ಪೆಟ್ರೋಲ್ ಸಿಟಿ ಆಟೋಮ್ಯಾಟಿಕ್ ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟು, ಪುಲ್ಲಿ ಇರುವಂಥದ್ದು. ಅದಕ್ಕೆ ಎಚ್‌ಸಿಎಫ್-2 ಎಂಬ ಬೇರೆಯೇ ಆಯಿಲ್. ಅದರಲ್ಲಿ ಮಾಮೂಲಿ ಆಟೋಮ್ಯಾಟಿಕ್ ಆಯಿಲ್ ಹಾಕಿದರೆ ಬೆಲ್ಟು, ಪುಲ್ಲಿ ಎರಡೂ ಹಾಳು. ಸೆಲೆರಿಯೊದಂಥ ಎಎಂಟಿಯಲ್ಲಿ ಒಳಗಿರುವುದು ಮ್ಯಾನುವಲ್ ಗೇರ್‌ಬಾಕ್ಸೇ, ಫ್ಲಶ್ಶಿನ ಪ್ರಶ್ನೆಯೇ ಇಲ್ಲ. ಸ್ಕೋಡಾ ಲಾರಾದ ಆರು ಗೇರಿನ, ಎರಡು ಕ್ಲಚ್ಚಿನ ಡಿಎಸ್‌ಜಿ ಗೇರ್‌ಬಾಕ್ಸಿಗೆ 60,000 ಕಿ.ಮೀ.ಗೆ ಆಯಿಲ್, ಫಿಲ್ಟರ್ ಎರಡೂ ಬದಲಾಗಬೇಕು, ಅದರಲ್ಲಿ ರಾಜಿ ಇಲ್ಲ. ಆಯಿಲ್ ಗಾಡಿಯ ಆಯುಷ್ಯಪೂರ್ತಿ ಬರುತ್ತದೆ ಎಂದು ಶೋರೂಮಿನಲ್ಲಿ ಹೇಳಿದ್ದನ್ನು ನಂಬಿ ಕೂತವರೂ ಇದ್ದಾರೆ. ಎಷ್ಟೋ ದುಬಾರಿ ಗಾಡಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಪೆಟ್ಟಿಗೆಗಳಿಗೆ 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷ ಎಂದು ಹೇಳುತ್ತದೆ. ಗಾಡಿ ಮಾರಿದವರ ಮಾತಿಗಿಂತ ಪೆಟ್ಟಿಗೆ ಮಾಡಿದವರ ಮಾತು ಮೇಲು ಎಂದು ನನ್ನ ಅಭಿಪ್ರಾಯ.

ಮೆಷಿನ್ ಫ್ಲಶ್ ಯಾವಾಗಲೂ ಕೆಟ್ಟದ್ದು ಅಂತಲ್ಲ. ಮೊದಲಿನಿಂದ ಕ್ರಮವಾಗಿ ಆಯಿಲ್ ಬದಲಾಗಿದೆ, ಫಿಲ್ಟರ್ ಕೈಗೆ ಸಿಗುತ್ತದೆ, ಕೆಮಿಕಲ್ ಹಾಕುವುದಿಲ್ಲ, ಗೇರ್‌ಬಾಕ್ಸಿನ ಪಂಪಿನಿಂದಲೇ ಬದಲಾಯಿಸುತ್ತಾರೆ, ಸರಿಯಾದ ಆಯಿಲ್ ಬೇಕಾದಷ್ಟು ಇದೆ ಎಂದಾದರೆ ಮಾಡಿಸಬಹುದು. ನಿಮ್ಮ ಗಾಡಿಗೆ ಇದರಲ್ಲಿ ಮೊದಲ ಎರಡೇ ಇಲ್ಲ.

ಪರೀಕ್ಷೆಯಲ್ಲಿ ಸ್ಲಿಪ್ ಕಂಡುಬಂದರೆ? ಆಗಲೂ ಒಂದು ಸಲ ಇಳಿಸಿ ತುಂಬಿಸಿ ನೋಡುವುದರಲ್ಲಿ ತಪ್ಪಿಲ್ಲ, ಮಟ್ಟ ಕಡಿಮೆಯಾಗಿಯೂ ಸ್ಲಿಪ್ ಆಗುವುದುಂಟು. ಆದರೆ ಗುಣವಾಗುತ್ತದೆ ಎಂದು ಲೆಕ್ಕ ಹಾಕಬೇಡಿ. ರಿಪೇರಿಗೆ ದುಡ್ಡು ಎತ್ತಿಟ್ಟುಕೊಳ್ಳಿ, ಇಲ್ಲವೇ ಗಾಡಿ ಕೊಡುವ ಯೋಚನೆ ಮಾಡಿ. ಕೊಡುವುದಾದರೆ ತೆಗೆದುಕೊಳ್ಳುವವರಿಗೆ ಹೇಳಿಯೇ ಕೊಡಿ.

ಇನ್ನು ಆಗುಂಬೆ. ಘಾಟಿಯಲ್ಲಿ ಗೇರ್‌ಬಾಕ್ಸಿಗೆ ಕಷ್ಟ ಆಗುವುದು ಬಿಸಿಯಿಂದ. ತಿರುವು ತಿರುವಿಗೂ ವೇಗ ಇಳಿಯುತ್ತದೆ, ಲಾಕ್‌ಅಪ್ ಬಿಡುತ್ತದೆ, ಟಾರ್ಕ್ ಕನ್ವರ್ಟರಿನಲ್ಲಿ ಎಣ್ಣೆಯನ್ನು ಎಣ್ಣೆಯೇ ತಳ್ಳುತ್ತಾ ಬಿಸಿಯಾಗುತ್ತದೆ. ಆಯಿಲಿನ ಬಿಸಿ ಹದ ಮೀರಿ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಬರುತ್ತದೆ ಎಂಬ ಸ್ಥೂಲ ಲೆಕ್ಕ ಈ ಕೆಲಸದವರಲ್ಲಿ ಉಂಟು. ಆದ್ದರಿಂದ ಮೊದಲ ಸಲದ ಬದಲಾವಣೆ ಈ ವಾರವೇ ಮಾಡಿಸಿ. ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಪೇಟೆಯಲ್ಲಿ, ಹೈವೇಯಲ್ಲಿ ಒಂದು ಮುನ್ನೂರು ಕಿಲೋಮೀಟರಾದರೂ ಓಡಿಸಿ, ಸೋರಿಕೆ ಇಲ್ಲ, ಗೇರ್ ಸರಿಯಾಗಿ ಬೀಳುತ್ತದೆ ಎಂದು ಖಾತ್ರಿ ಮಾಡಿಕೊಳ್ಳಿ. ರೇಡಿಯೇಟರಿನಲ್ಲಿ ಬಾವಿ ನೀರು ಇದ್ದರೆ ಅದನ್ನೂ ಇಳಿಸಿ ಸರಿಯಾದ ಕೂಲಂಟ್ ಹಾಕಿಸಿ.

ಸೋಮೇಶ್ವರ ದಾಟಿ ಏರು ಶುರುವಾದ ಮೇಲೆ ಡಿಯಲ್ಲೇ ಬಿಟ್ಟರೆ ಗೇರು ಎರಡು ಮೂರರ ನಡುವೆ ಹತ್ತಿ ಇಳಿದು ಮಾಡುತ್ತಿರುತ್ತದೆ. ಗೇರ್ ಲಿವರನ್ನು ಎಸ್‌ಗೆ ಹಾಕಿ ಎರಡನೇ ಗೇರಿನಲ್ಲೇ ಹಿಡಿದು ಹತ್ತಿ. ಇಂಜಿನ್ ಸ್ವಲ್ಪ ಕೂಗಿದರೂ ಅಡ್ಡಿಯಿಲ್ಲ. ತಿರುವಿನಲ್ಲಿ ಎದುರಿನ ಬಸ್ಸಿಗೆ ಕಾಯುವಾಗ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಹಿಡಿಯಿರಿ. ಇಳಿಯುವಾಗಲೂ ಅದೇ ಗೇರು.

ವಾಪಸ್ ಬಂದು ಸಾವಿರ ಕಿ.ಮೀ. ಆಸುಪಾಸಿಗೆ ಎರಡನೇ ಸಲ, ಇನ್ನೊಂದು ಸಾವಿರಕ್ಕೆ ಮೂರನೇ ಸಲ ಮಾಡಿಸಿ. ಪ್ರತಿ ಸಲವೂ ಆ ಅಯಸ್ಕಾಂತ ನೋಡುವುದನ್ನು ಬಿಡಬೇಡಿ. ಆಮೇಲೆ ನಮ್ಮ ಸೆಕೆ, ಪೇಟೆಯ ಟ್ರಾಫಿಕ್ಕು, ಏರಿಳಿತ ಎಲ್ಲ ಲೆಕ್ಕ ಹಾಕಿದರೆ 40,000 ಕಿ.ಮೀ. ಅಥವಾ ಮೂರು ವರ್ಷ, ಯಾವುದು ಮೊದಲೋ ಆಗ ಒಂದು ಸಲ ಇಳಿಸಿ ತುಂಬಿದರೆ ಸಾಕು. ಬಿಲ್ಲಿನಲ್ಲಿ ಆಯಿಲಿನ ಹೆಸರು, ಲೀಟರ್, ಮೀಟರ್ ರೀಡಿಂಗ್ ಮೂರೂ ಬರೆಸಿಕೊಂಡು ಗಾಡಿಯ ಫೈಲಿನಲ್ಲಿ ಇಡಿ.